ಸ್ಲೀವ್ ಇಳಿಸುವ ಅಣ್ಣ

ಫೆಬ್ರವರಿಯ ಎರಡನೆಯ ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಡೊಂಬಿವಲಿ ಎಂಐಡಿಸಿಯಲ್ಲಿ ಅಣ್ಣನವರ ಗಾಳಾ, ಅಂದರೆ ತಗಡಿನ ಮಾಡಿನ ಸಣ್ಣ ವರ್ಕ್‌ಶಾಪು. ಹಾಜರಿದ್ದವರು ನಾಲ್ವರು: ಯಜಮಾನರಾದ ಅಣ್ಣ, ಅವರ ತಂಗಿಯ ಮಗಳು ರಶ್ಮಿ, ಕಾಮೋಠೆಯಿಂದ ಬಂದಿದ್ದ ಗಿರಾಕಿ, ಮತ್ತು ಅಳತೆ ನೋಡುವ ಕೆಲಸಕ್ಕೆಂದು ನಾನು. ಗಿರಾಕಿಯ ಕಾರಿನ ಎಂಜಿನ್ ಬ್ಲಾಕ್ ಒಲೆಯೊಳಗೆ ಕಾಯುತ್ತಿತ್ತು. ಮರುದಿನ ಕಲ್ಯಾಣದಿಂದ ಒಬ್ಬ ಡೀಲರ್ ಬಂದು ಗಾಳಾದ ಮಷಿನುಗಳನ್ನೆಲ್ಲ ನೋಡಿ ಕೊಂಡುಹೋಗುವ ಮಾತಾಗಿತ್ತು. ಹಾಗಾಗಿ ಅದು ಅಣ್ಣನವರ ಕೊನೆಯ ಬ್ಲಾಕ್.

ಇದು ಎರಡು ವರ್ಷದ ಹಿಂದಿನ ಮಾತು. ಅಣ್ಣ ಈಗಿಲ್ಲ. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು, ಕುರ್ಚಿಯಲ್ಲಿ ಕುಳಿತಲ್ಲೇ ಹೋದರು. ಅವರ ಸ್ವಭಾವಕ್ಕೆ ಒಪ್ಪುವ ಸಾವು. ಊಟಕ್ಕೆ ಮೊದಲೇ ಹೋಗಬೇಕಾಗಿ ಬಂದಿದ್ದರೆ ತುಂಬ ಬೇಸರಪಟ್ಟುಕೊಳ್ಳುತ್ತಿದ್ದರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಸಿಗಲಾರದು. ಉಡುಪಿಯ ಕಡೆಯಿಂದ ಬಂದು ಹೋಟೆಲಿನ ಗಲ್ಲೆಯ ಹಿಂದೆ ನಿಂತವರನ್ನೆಲ್ಲ ಈ ಊರು ಅಣ್ಣ ಎಂದೇ ಕರೆಯುತ್ತದೆ. ಅವರು ಗಲ್ಲೆ ಬಿಟ್ಟು ಲೇಥಿನ ಹಿಂದೆ ಹೋಗಿ ನಿಂತರೂ ಆ ಹೆಸರು ಬಿಡಲಿಲ್ಲ. ವಯಸ್ಸಿನಲ್ಲಿ ನಾನು ದೊಡ್ಡವನು. ನಾನೂ ಅಣ್ಣ ಎಂದೇ ಕರೆದೆ. ಅವರು ನನ್ನನ್ನು ಕ್ಯಾಪ್ಟನ್ ಎನ್ನುತ್ತಿದ್ದರು.

‘ನಾನು ಕ್ಯಾಪ್ಟನ್ ಅಲ್ಲ. ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನು. ಕ್ಯಾಪ್ಟನ್ ಮೇಲೆ ಇರುತ್ತಾನೆ, ನಾವು ಕೆಳಗೆ.’

‘ಎರಡು ಜನವೂ ಒಂದೇ ಹಡಗಿನಲ್ಲಿ ಇದ್ದದ್ದಲ್ವಾ ಮಾರಾಯ್ರೆ? ನಮಗೆ ದಡದಲ್ಲಿ ನಿಂತು ನೋಡುವವರಿಗೆ ಎಲ್ಲ ಕ್ಯಾಪ್ಟನ್ನೇ.’

ಮೊದಲ ಭೇಟಿ ಆದದ್ದು ಠಾಣೆಯಲ್ಲಿ, ಕನ್ನಡಿಗರ ಒಂದು ಸಂಘದ ವಾರ್ಷಿಕೋತ್ಸವದ ಊಟದಲ್ಲಿ. ನನ್ನ ಎದುರು ಸಾಲಿನಲ್ಲಿ ಒಬ್ಬರು ಸ್ಟೀಲ್ ಲೋಟವೊಂದನ್ನು ಇನ್ನೊಂದರೊಳಗೆ ಒತ್ತಿ ಕೂರಿಸಿ, ‘ಈಗ ತೆಗೀರಿ’ ಎಂದು ಪಕ್ಕದವರಿಗೆ ಕೊಡುತ್ತಿದ್ದರು. ಬ್ಯಾಂಕಿನವರು ಎಳೆದರು, ವಕೀಲರು ತಿರುಚಿದರು, ಲೋಟ ಬರಲಿಲ್ಲ. ಆಗ ಅವರು ಬಡಿಸುವವರನ್ನು ಕರೆದು ಬಿಸಿ ಸಾರು ತರಿಸಿ ಒಂದು ಬಟ್ಟಲಿಗೆ ಸುರಿದು, ಅದರಲ್ಲಿ ಹೊರಗಿನ ಲೋಟವನ್ನು ನಿಲ್ಲಿಸಿದರು. ಒಳಗಿನ ಲೋಟಕ್ಕೆ ಐಸ್ ನೀರು ಹಾಕಿದರು. ಸ್ವಲ್ಪ ಹೊತ್ತಿಗೆ ಎರಡು ಬೆರಳಲ್ಲಿ ಹಿಡಿದು ಎತ್ತಿದರು, ಬಂತು.

‘ಇಷ್ಟೇ ನನ್ನ ಕಸುಬು,’ ಎಂದರು. ‘ಇಲ್ಲಿ ಬಿಡಿಸ್ಲಿಕ್ಕೆ ಮಾಡಿದೆ, ಅಲ್ಲಿ ಕೂರಿಸ್ಲಿಕ್ಕೆ ಮಾಡ್ತೇನೆ. ಹೊರಗಿನದ್ದು ಕಾಯಿಸಿ ಹಿಗ್ಗಿಸೋದು, ಒಳಗಿನದ್ದು ತಣಿಸಿ ಕುಗ್ಗಿಸೋದು, ಇಳಿಸೋದು. ಮತ್ತೆ ಅದು ಯಮ ಬಂದು ಎಳೆದರೂ ಬರೂದಿಲ್ಲ.’

ನಾನು ಬಾಯಿ ಹಾಕಿದೆ. ಹಡಗಿನ ಎಂಜಿನಿನಲ್ಲಿ ಆಳೆತ್ತರದ ಲೈನರುಗಳನ್ನು, ಅಂದರೆ ಸಿಲಿಂಡರಿನ ಒಳಗೋಡೆಯ ಕೊಳವೆಗಳನ್ನು, ಬಂದರಿನಿಂದ ಬಂದರಿಗೆ ಬದಲಾಯಿಸಿ ಆಯುಷ್ಯ ಕಳೆದವನು ಸುಮ್ಮನಿರುವುದು ಹೇಗೆ? ಪಾಯಸ ಬರುವ ಹೊತ್ತಿಗೆ ನಮ್ಮಿಬ್ಬರ ಮಾತಿಗೆ ಉಳಿದವರೆಲ್ಲ ಎದ್ದು ಹೋಗಿದ್ದರು. ಮುಂದಿನ ಶುಕ್ರವಾರ ನಾನು ಮಾಜಿವಾಡಾದ ಮನೆಯಿಂದ ಹೊರಟು, ಬಸ್ಸಿನಲ್ಲಿ ಠಾಣೆ ಸ್ಟೇಷನ್ನಿಗೆ ಬಂದು, ಊರೆಲ್ಲ ಮುಂಬಯಿಯ ಕಡೆ ನುಗ್ಗುವ ಹೊತ್ತಿನಲ್ಲಿ ಎದುರು ದಿಕ್ಕಿನ ಖಾಲಿ ಲೋಕಲ್ ಹಿಡಿದು ಡೊಂಬಿವಲಿಯಲ್ಲಿ ಇಳಿದಿದ್ದೆ. ಆಮೇಲೆ ಅದೇ ರೂಢಿಯಾಯಿತು. ಶುಕ್ರವಾರ ಅಲ್ಲಿನ ಕಾರ್ಖಾನೆಗಳಿಗೆ ವಾರದ ರಜೆ. ಅಕ್ಕಪಕ್ಕ ಸದ್ದಿಲ್ಲ, ನೆಲ ನಡುಗಿಸುವ ಪ್ರೆಸ್ಸುಗಳಿಲ್ಲ. ಸ್ಲೀವ್ ಇಳಿಸುವ ಕೆಲಸವನ್ನು ಅಣ್ಣ ಅದೇ ದಿನಕ್ಕೆ ಇಟ್ಟುಕೊಳ್ಳುತ್ತಿದ್ದರು.

ಕೆಲಸ ಏನೆಂದು ಅವರ ಮಾತಿನಲ್ಲೇ ಹೇಳಿಬಿಡುತ್ತೇನೆ. ಅವರಷ್ಟು ಚೆನ್ನಾಗಿ ನನಗೆ ಹೇಳಲು ಬಾರದು. ಯಾವನಾದರೂ ಹೊಸ ಗಿರಾಕಿ ಬಂದು, ಕಾರಿನ ಟರ್ಬೊ ದೊಡ್ಡದು ಮಾಡಿಸಿದ್ದೇನೆ, ಬ್ಲಾಕ್ ತಡೆಯುತ್ತದೋ ಇಲ್ಲವೋ ಎಂದು ಕೇಳಿದರೆ ಅಣ್ಣ ಅವನನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು.

‘ನೋಡು, ಟರ್ಬೊ ಅಂದರೆ ಊದುಕೊಳವೆ. ಒಲೆಗೆ ಊದಿದರೆ ಎಂತ ಆಗ್ತದೆ? ಉರಿ ಜೋರಾಗ್ತದೆ. ನೀನು ಈಗ ಎರಡು ಪಟ್ಟು ಊದ್ಲಿಕ್ಕೆ ಹೊರಟಿದ್ದಿ. ಊದು, ಬೇಡ ಹೇಳೂದಿಲ್ಲ. ಆದರೆ ಮೇಲಿರುವ ಪಾತ್ರೆ ಯಾವುದು? ಕಂಪನಿಯವ ಇಟ್ಟದ್ದು ತೆಳು ಅಲ್ಯೂಮಿನಿಯಂ ತಪಲೆ. ಅವನ ತಪ್ಪಲ್ಲ; ಮನೆ ಮಂದಿಗೆ ಅನ್ನ ಮಾಡ್ಲಿಕ್ಕೆ ಕೊಟ್ಟದ್ದು, ನೀನು ಮದುವೆ ಊಟಕ್ಕೆ ಇಡ್ತಾ ಇದ್ದಿ. ಸಿಲಿಂಡರಿನ ಗೋಡೆ ಉಬ್ಬುತ್ತದೆ, ಬಿರಿಯುತ್ತದೆ, ನೀರು ಎಣ್ಣೆ ಎಲ್ಲ ಒಂದಾಗಿ ಸಾಂಬಾರು ಆಗ್ತದೆ. ನಾನು ಆ ತೆಳು ಗೋಡೆ ಕೊರೆದು ತೆಗೆದು ಒಳಗೆ ಬೀಡುಕಬ್ಬಿಣದ ದಪ್ಪ ಕೊಳವೆ, ಅದೇ ಸ್ಲೀವ್, ಕೂರಿಸ್ತೇನೆ. ನಾಲ್ಕು ಸ್ಲೀವಿನ ತಲೆಯೂ ಒಂದಕ್ಕೊಂದು ತಾಗಿ ನಿಲ್ತದೆ, ಲೋಕಲ್ಲಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವ ಬಂದು ಕೂತ ಹಾಗೆ. ಒಬ್ಬನೂ ಅಲ್ಲಾಡ್ಲಿಕ್ಕಿಲ್ಲ.’

ಇದೆಲ್ಲ ಹೋಟೆಲಿನ ಭಾಷೆ. ಹದಿಹರೆಯದಲ್ಲಿ ಡೊಂಬಿವಲಿ ಸ್ಟೇಷನ್ ಹತ್ತಿರ ಸೋದರಮಾವನ ಹೋಟೆಲಿಗೆ ಬಂದವರು, ಕೆಟ್ಟ ಗ್ರೈಂಡರಿನ ಮೋಟಾರು ಬಿಚ್ಚಿದರು. ಮತ್ತೆ ಅಡುಗೆಮನೆಯ ಕಡೆ ಹೋಗಲೇ ಇಲ್ಲ. ಗ್ರೈಂಡರಿನಿಂದ ಲೇಥಿಗೆ, ಲೇಥಿನಿಂದ ಲಾರಿ ಎಂಜಿನಿಗೆ, ಅಲ್ಲಿಂದ ಈ ಹುಚ್ಚು ಕಾರುಗಳಿಗೆ. ಅಡುಗೆಮನೆ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಬ್ಲಾಕ್ ಕಾಯಿಸಲು ಇಟ್ಟುಕೊಂಡದ್ದು ಕಲ್ಯಾಣದ ಬೇಕರಿಯೊಂದು ಮುಚ್ಚಿದಾಗ ಸಿಕ್ಕಿದ ಹಳೆಯ ಒಲೆ. ಮೊದಲ ಕೆಲವು ತಿಂಗಳು ಅಲ್ಲಿಂದ ಹೊರಟ ಎಂಜಿನುಗಳಿಗೆಲ್ಲ ಖಾರಿ ಬಿಸ್ಕತ್ತಿನ ಪರಿಮಳವಿತ್ತಂತೆ. ಬ್ಲಾಕ್ ಕಾದಿದೆಯೇ ಎಂದು ನೋಡಲು ಕಾವಲಿಗೆ ಚಿಮುಕಿಸಿದಂತೆ ನೀರು ಚಿಮುಕಿಸುತ್ತಿದ್ದರು. ನಾನು ಉಷ್ಣತೆ ಅಳೆಯುವ ಗನ್ ತಂದುಕೊಟ್ಟೆ. ಅದಾದ ಮೇಲೆ ಪ್ರತಿ ಸಲವೂ ಅವರು ನೀರು ಚಿಮುಕಿಸಿ ಒಂದು ಅಂಕಿ ಹೇಳುವುದು, ನಾನು ಗನ್ ಹಿಡಿದು ಇನ್ನೊಂದು ಹೇಳುವುದು, ಸೋತವರು ಚಾ ತರಿಸುವುದು. ಹೆಚ್ಚು ಸಲ ಚಾ ತರಿಸಿದವರು ಅವರೇ. ಅದಕ್ಕೆ ಅವರ ಸಮಾಧಾನ ಸಿದ್ಧವಿತ್ತು: ‘ನಿಮ್ಮ ಗನ್ನಿಗೆ ಡೊಂಬಿವಲಿ ನೀರು ಹೊಂದಿಲ್ಲ.’

ಸಿಲಿಂಡರಿನ ಒಳಮೈ ಕನ್ನಡಿಯಂತೆ ಹೊಳೆಯಬೇಕೆಂದು ಹುಡುಗರಿಗೆ ಆಸೆ. ಅಣ್ಣ ಕೊನೆಯಲ್ಲಿ ಸಾಣೆಕಲ್ಲು ಹಾಕಿ ಓರೆ ಗೆರೆಗಳನ್ನು ಬಿಡಿಸುತ್ತಿದ್ದರು. ‘ಕಡೆಯುವ ಕಲ್ಲಿಗೆ ವರ್ಷಕ್ಕೊಮ್ಮೆ ಉಳಿ ಹೊಡೆಸೂದು ಯಾಕೆ? ನುಣ್ಣಗಾದರೆ ಅಕ್ಕಿ ಜಾರ್ತದೆ. ಇಲ್ಲಿಯೂ ಗೆರೆ ಇದ್ದರೇ ಎಣ್ಣೆ ನಿಲ್ಲೂದು. ಚಂದಕ್ಕೆ ಬೇಕಾದರೆ ಬಾಗಿಲಿಗೆ ಪೇಂಟ್ ಹೊಡೆಸು.’

ಬಂದವರಿಗೆಲ್ಲ ಅವರು ಕೆಲಸ ಮಾಡಿಕೊಡುತ್ತಿರಲಿಲ್ಲ. ಮೊದಲು ವಿಚಾರಣೆ. ‘ಎಷ್ಟು ಕುದುರೆ ಬೇಕು? ಐನೂರಾ? ಎಲ್ಲಿ ಓಡಿಸ್ತಿ? ಘೋಡ್‌ಬಂದರ್ ರೋಡಿನಲ್ಲಾ? ಅಲ್ಲಿ ಸಂಜೆ ಕತ್ತೆಯೂ ಓಡೂದಿಲ್ಲ.’ ಟ್ರ್ಯಾಕಿಗೆ ಹೋಗುವವನು ಎಂದು ನಂಬಿಕೆ ಬಂದರೆ ಮಾತ್ರ ಬ್ಲಾಕಿಗೆ ಕೈ ಹಾಕುವುದು. ರಸ್ತೆಯಲ್ಲಿ ಹಾರಿಸುವವನಾದರೆ ಚಾ ಕುಡಿಸಿ, ಬೆನ್ನು ತಟ್ಟಿ ಕಳಿಸುವುದು.

ಅವರದೇ ಕಾರು? ಇರಲಿಲ್ಲ. ಮನೆಗೂ ಗಾಳಾಕ್ಕೂ ಶೇರ್ ರಿಕ್ಷಾ. ಒಮ್ಮೆ ಗಿರಾಕಿಯೊಬ್ಬ ತನ್ನ ಕಾರಿನಲ್ಲಿ ಅವರನ್ನು ಟ್ರ್ಯಾಕಿಗೆ ಕರೆದುಕೊಂಡು ಹೋಗಿ ಒಂದು ಸುತ್ತು ಹೊಡೆಸಿದ್ದ. ಕಾರು ನಿಂತ ಮೇಲೂ ಅಣ್ಣ ಕಣ್ಣು ಬಿಟ್ಟಿರಲಿಲ್ಲ. ಹೇಗಿತ್ತು ಎಂದು ಕೇಳಿದರೆ, ‘ಸ್ಲೀವ್ ಒಳ್ಳೆದುಂಟು. ಒಂದು ಲಿಂಬೆಹಣ್ಣು ಸಿಕ್ಕಬಹುದಾ?’ ಎಂದರಂತೆ. ಈ ಕತೆಯನ್ನು ಆ ಗಿರಾಕಿ ಎಲ್ಲೂ ಹೇಳಿರಲಿಲ್ಲ. ಎಲ್ಲ ಕಡೆ ಹೇಳಿಕೊಂಡು ತಿರುಗಿದವರು ಅಣ್ಣನೇ.

ತಮ್ಮ ತಪ್ಪುಗಳನ್ನೂ ಹಾಗೆಯೇ ಹೇಳುತ್ತಿದ್ದರು, ಪ್ರಶಸ್ತಿ ಬಂದವರಂತೆ. ದಸರೆಯ ಆಯುಧ ಪೂಜೆಗೆ ಗಾಳಾದ ಎಲ್ಲ ಮಷಿನಿಗೂ ಸೇವಂತಿಗೆ ಮಾಲೆ. ಒಂದು ವರ್ಷ, ಸ್ಲೀವ್ ಇಳಿಸಲು ತಯಾರಾಗಿದ್ದ ಬ್ಲಾಕಿಗೂ ಮಾಲೆ ಹಾಕಿ, ಕುಂಕುಮ ಇಟ್ಟು, ಆರತಿ ಎತ್ತಿದರು. ಮರುದಿನ ಮಾಲೆ ತೆಗೆದು ಬ್ಲಾಕನ್ನು ಒಲೆಗೆ ಇಟ್ಟರು. ಸ್ಲೀವ್ ಸರಾಗ ಇಳಿಯಿತು. ಆರಿದ ಮೇಲೆ ನಾನು ಅಳೆದರೆ ಒಂದು ಕಡೆ ಕೂದಲೆಳೆಯಷ್ಟು ಎತ್ತರ. ಬೇರೆ ದಾರಿಯಿಲ್ಲದೆ ಆ ಸ್ಲೀವನ್ನು ಕೊರೆದು ತೆಗೆದಾಗ, ಅದು ಕೂರುವ ಅಂಚಿನ ಮೇಲೆ ಸುಟ್ಟ ಹಪ್ಪಳದ ಚೂರಿನಂಥ ಒಂದು ಕರಿ ತುಣುಕು. ಸೇವಂತಿಗೆಯ ಎಸಳು. ಅಣ್ಣ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ‘ದೇವರು ಪ್ರಸಾದ ಕೊಟ್ಟದ್ದು ಕ್ಯಾಪ್ಟನ್ರೇ. ತಲೆ ಮೇಲೆ ಇಟ್ಟುಕೊಳ್ಳೂದು ಬಿಟ್ಟು ಸಿಲಿಂಡರಿನ ಅಡಿಗೆ ಇಟ್ಟೆ.’ ಅಂದಿನಿಂದ ಪೂಜೆ ಬಾಗಿಲಿಗೆ ಮಾತ್ರ.

ಇನ್ನು ರಶ್ಮಿ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಗಾಳಾದಲ್ಲಿ ಮಾವನ ಕನ್ನಡ ಎಲ್ಲವೂ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಒಂದು ಬೇಸಗೆ ಮಾವನಿಗೆ ಸಹಾಯ ಮಾಡಲು ಬಂದವಳು, ಮದುವೆಯಾಗಿ, ಮಗು ಶಾಲೆಗೆ ಹೋಗುವಂತಾದರೂ ಅಲ್ಲೇ ಇದ್ದಳು. ಕೊರೆಯುವುದು, ಗೆರೆ ಬಿಡಿಸುವುದು, ಗಿರಾಕಿಗಳ ಫೋನು, ಬಿಲ್ಲು ಎಲ್ಲ ಅವಳದು. ಇಳಿಸುವುದೊಂದನ್ನು ಅಣ್ಣ ಬಿಟ್ಟುಕೊಟ್ಟಿರಲಿಲ್ಲ.

ಬಿಟ್ಟುಕೊಡದಿರಲು ಕಾರಣವಿತ್ತು. ಬೇರೆ ಎಲ್ಲ ಕೆಲಸದಲ್ಲಿ ತಪ್ಪಿದರೆ ತಿದ್ದಬಹುದು. ಇಲ್ಲಿ ಬಿಸಿ ಬ್ಲಾಕಿಗೆ ತಣ್ಣನೆಯ ಸ್ಲೀವ್ ತಾಗಿದೊಡನೆ ಅದು ಬಿಸಿಯಾಗುತ್ತ ಹಿಗ್ಗತೊಡಗುತ್ತದೆ. ನೇರ ಹೋಯಿತೋ, ಒಂದೇ ಉಸಿರಿಗೆ ತಳ ಸೇರುತ್ತದೆ. ಸ್ವಲ್ಪ ಓರೆಯಾಯಿತೋ, ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಬ್ಲಾಕೇ ಹಾಳು. ‘ತಪ್ಪಿದರೆ ನನ್ನ ಹೆಸರಿಗೆ ತಪ್ಪಲಿ. ಎಲ್ಲರೂ ನಗ್ತಾರೆ, ನಾನೂ ನಗ್ತೇನೆ. ಅವಳ ಹೆಸರಿಗೆ ಯಾಕೆ?’ ಎನ್ನುತ್ತಿದ್ದರು. ನಮ್ಮದು ಅಳಿಯಸಂತಾನದ ಕಟ್ಟು ತಾನೆ, ಮಾವನದು ತಂಗಿಯ ಮಗಳಿಗೆ ಹೋಗಲಿ ಎಂದು ನಾನು ಛೇಡಿಸಿದರೆ, ‘ಎಂಜಿನಿಗೆ ಕಟ್ಟು ಗೊತ್ತಿಲ್ಲ ಕ್ಯಾಪ್ಟನ್ರೇ, ಕೈ ಮಾತ್ರ ಗೊತ್ತು’ ಎಂಬ ಉತ್ತರ.

ಆ ಕೈಯೇ ಕೈಕೊಟ್ಟಿತು. ಆ ಫೆಬ್ರವರಿಗೆ ಹಿಂದಿನ ದೀಪಾವಳಿಯಿಂದ ಅವರ ಬಲಗೈ ನಡುಗತೊಡಗಿತ್ತು. ಚಾದ ಗ್ಲಾಸನ್ನು ಎಡಗೈಗೆ ದಾಟಿಸಿದರು. ಬಲಗೈಯಲ್ಲಿ ಸದಾ ಒಂದು ಒರೆಸುವ ಬಟ್ಟೆ ಹಿಡಿದುಕೊಂಡಿರುತ್ತಿದ್ದರು, ಏನೋ ಒರೆಸಲು ಹೊರಟವರಂತೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟರು. ಹೊಸ ವರ್ಷದಲ್ಲಿ ಅಣ್ಣ ಗಾಳಾ ಮುಚ್ಚುವ ಮಾತೆತ್ತಿದರು. ರಶ್ಮಿ ತಾನು ನಡೆಸುತ್ತೇನೆ ಎಂದಳು. ಇಳಿಸಲು ಬಾರದವರು ನಡೆಸುವುದು ಹೇಗೆ ಎಂದರು. ಕಲಿಸಿ ಎಂದಳು. ಗಿರಾಕಿಯ ಬ್ಲಾಕಿನ ಮೇಲೆ ಕಲಿಯುವಂತಿಲ್ಲ ಎಂದರು. ಅವಳ ತಾಯಿಗೆ ಇದೇ ಬೇಕಾಗಿತ್ತು. ಬೇಲಾಪುರದ ಕಡೆ ಎಲ್ಲಾದರೂ ಎಸಿ ಆಫೀಸಿನಲ್ಲಿ ಕುಳಿತು ದುಡಿಯಲಿ ಎಂಬುದು ಆಕೆಯ ಬಹುದಿನದ ಆಸೆ. ರಶ್ಮಿಗೆ ಮಾತ್ರ ಈ ಗಾಳಾ ಬೇಕಿತ್ತು. ಬೇರೆ ಏನನ್ನೂ ಅವಳು ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ. ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳುವ ಮೊದಲೇ ಡೀಲರನಿಗೆ ಫೋನ್ ಹೋಗಿತ್ತು.

ಹೀಗೆ ಆ ಶುಕ್ರವಾರ.

ಕಾಮೋಠೆಯ ಗಿರಾಕಿ ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ವಿಜಾಪುರದ ಕಡೆಯವರ ಮಗ. ವಾರವೆಲ್ಲ ಫೈಲು, ರಜೆಯಲ್ಲಿ ಟ್ರ್ಯಾಕ್. ಅವನ ಕಾರು ಹಳೆಯ ವಿದೇಶಿ ಮಾದರಿ, ಅಂಥ ಬ್ಲಾಕ್ ಈಗ ಹುಡುಕಿದರೂ ಸಿಗುವುದಿಲ್ಲ. ಆ ದಿನ ರಜೆ ಹಾಕಿ ಬಂದವನು, ಬಂದಾಗಿನಿಂದ ಒಲೆಯ ಸುತ್ತ ತಿರುಗುತ್ತಿದ್ದ.

‘ಅಣ್ಣಾರ, ಭಾಳ ಕಾದ್ರ ಏನೂ ಆಗಂಗಿಲ್ಲಲ್ರಿ?’

‘ಆಗ್ತದೆ. ಬನ್ನು ಆಗ್ತದೆ. ಬೆಣ್ಣೆ ತಂದಿದ್ದಿಯಾ?’

‘ನಿಮಗ ಚ್ಯಾಷ್ಟಿ. ನನಗ ರಾತ್ರಿ ನಿದ್ದಿಲ್ಲರಿ.’

‘ನಿದ್ದೆ ಇಲ್ಲದವ ಒಲೆಯಿಂದ ದೂರ ನಿಲ್ಲಬೇಕು. ಅಲ್ಲಿ ಕ್ಯಾಪ್ಟನ್ ಹತ್ತಿರ ಹೋಗು.’

ಅಣ್ಣ ನೀರು ಚಿಮುಕಿಸಿದರು, ನಾನು ಗನ್ ಹಿಡಿದೆ. ಆ ದಿನ ಎರಡೂ ಅಂಕಿ ಒಂದೇ ಬಂದವು. ಚಾ ಯಾರು ತರಿಸಬೇಕೆಂದು ತೀರ್ಮಾನವಾಗಲಿಲ್ಲ. ಫ್ಯಾನ್ ಆರಿಸಿದೆವು. ರಶ್ಮಿ ಲಿಕ್ವಿಡ್ ನೈಟ್ರೋಜನ್ ಇದ್ದ ಡಬ್ಬದ ಮುಚ್ಚಳ ತೆಗೆದಳು. ಇಡ್ಲಿ ಪಾತ್ರೆಯಿಂದ ಏಳುವಂತೆ ಬಿಳಿ ಹೊಗೆ ಎದ್ದಿತು, ಆದರೆ ಮೇಲೆ ಹೋಗದೆ ನೆಲಕ್ಕೆ ಇಳಿದು ನಮ್ಮ ಕಾಲ ಸುತ್ತ ಹರಡಿತು. ನಾಲ್ಕು ಸ್ಲೀವುಗಳು ಅದರಲ್ಲಿ ಮುಳುಗಿದ್ದವು. ಬ್ಲಾಕನ್ನು ಚೈನ್ ಕಪ್ಪಿಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟೆವು. ಇನ್ನು ಯಾರೂ ಮಾತಾಡುವಂತಿಲ್ಲ, ಅದು ಗಾಳಾದ ನಿಯಮ. ಕೆಮ್ಮು ಬರುವವರು ಮೊದಲೇ ಹೊರಗೆ ಹೋಗಬೇಕು.

ಅಣ್ಣ ದಪ್ಪ ಕೈಗವಸು ಹಾಕಿಕೊಂಡು, ಇಕ್ಕಳದಿಂದ ಮೊದಲ ಸ್ಲೀವನ್ನು ಎತ್ತಿದರು. ಬ್ಲಾಕಿನ ಮೇಲೆ ತಂದರು. ಕೈ ನಡುಗಿತು. ಒಂದು ಕ್ಷಣ ತಡೆದು, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಇಳಿಸಿದರು. ಸ್ಲೀವ್ ಒಂದಂಗುಲದಷ್ಟು ಹೋಯಿತು. ನಿಂತಿತು.

ನಾನು ನೋಡಿದ್ದು ಓರೆಯಾಗಿ ನಿಂತ ಆ ಉಂಗುರವನ್ನು. ಗಿರಾಕಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಅಣ್ಣ ಇಕ್ಕಳ ಒತ್ತಿದರು, ಅದು ಅಲ್ಲಾಡಲಿಲ್ಲ. ಅವರ ಹಣೆಯ ಮೇಲೆ ಬೆವರು ಮೂಡಿತು.

ರಶ್ಮಿ ಆಗಲೇ ಮೇಜಿನ ಹತ್ತಿರ ಇದ್ದಳು. ಅವಳ ಕೈಯಲ್ಲಿ ಒಂದು ಸರಳು, ಅದರ ತುದಿಗೆ ಸುತ್ತಿ ಕಟ್ಟಿದ ಹತ್ತಿಯ ಬಟ್ಟೆಯ ದೊಡ್ಡ ಉಂಡೆ. ನೈಟ್ರೋಜನ್ನಿನಲ್ಲಿ ಅದ್ದಿದ ಅದು ಹೊಗೆಯಾಡುತ್ತಿತ್ತು. ಅದನ್ನು ಸಿಕ್ಕಿಕೊಂಡ ಸ್ಲೀವಿನೊಳಗೆ ತೂರಿಸಿ ಹಿಡಿದಳು. ಒಳಗಿನಿಂದ ಮತ್ತೆ ತಣಿದರೆ ಅದು ಮತ್ತೆ ಕುಗ್ಗಬೇಕು. ಅವಳು ಕೈಗವಸು ತೊಟ್ಟ ಇನ್ನೊಂದು ಕೈಯ ಹೆಬ್ಬೆರಳನ್ನು ಎತ್ತರವಾಗಿದ್ದ ಅಂಚಿನ ಮೇಲೆ ಇಟ್ಟಳು, ಒತ್ತಲಿಲ್ಲ. ಕಾದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಜೀವನದಲ್ಲಿ ಅದೊಂದು ಸಲ ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಹೆಬ್ಬೆರಳು ಅಷ್ಟೇ ಅಷ್ಟು ಬಾಗಿತು. ಸ್ಲೀವ್ ನೆಟ್ಟಗಾಗಿ, ಠಣ್ಣೆಂದು ತಳ ಸೇರಿತು.

ನಾನು ಮುಂದೆ ಬಂದು ಸುತ್ತಲೂ ಅಳೆದೆ. ಎಲ್ಲ ಕಡೆ ಸಮ. ತಲೆಯಾಡಿಸಿದೆ.

ಇಷ್ಟು ಹೊತ್ತಿಗೆ ಬ್ಲಾಕ್ ಆರಿತ್ತು. ಉಳಿದ ಮೂರಕ್ಕೆ ಅದು ಮತ್ತೆ ಒಲೆಗೆ ಹೋಗಬೇಕಾಯಿತು. ಆ ಬಿಡುವಿನಲ್ಲಿ ಅಣ್ಣ ಸ್ಟೂಲಿನ ಮೇಲೆ ಕುಳಿತು ಮುಖ ಒರೆಸಿಕೊಂಡರು. ಗಿರಾಕಿ ಇನ್ನೂ ಕಂಬಕ್ಕೆ ಆತುಕೊಂಡೇ ಇದ್ದ. ಅವನ ಕಡೆ ತಿರುಗಿ ಗಂಭೀರವಾಗಿ ಹೇಳಿದರು:

‘ಹೆದರಿದಿಯಾ? ಹೆದರಬೇಡ. ನಾನು ಇವಳನ್ನು ಪರೀಕ್ಷೆ ಮಾಡಿದ್ದು. ಬೇಕಂತಲೇ ಓರೆ ಹಾಕಿದ್ದು.’

‘ಪರೀಕ್ಷಾ ನನ್ನ ಬ್ಲಾಕಿನ ಮ್ಯಾಲೇನ್ರಿ ಅಣ್ಣಾರ?’

‘ಮತ್ತೆ? ಸುಮ್ಮನೆ ಕಾಗದದ ಮೇಲೆ ಬರೆಯೋ ಪರೀಕ್ಷೆಗೆ ಬೆಲೆ ಉಂಟಾ?’

‘ಮಗ ತುಮ್ಹಾಲಾ ಘಾಮ್ ಕಾ ಆಲಾ, ಮಾಮಾ?’ ಎಂದಳು ರಶ್ಮಿ. ಹಾಗಾದರೆ ನಿಮಗೆ ಬೆವರು ಬಂದದ್ದು ಯಾಕೆ ಎಂದು ಮರಾಠಿಯಲ್ಲಿ.

‘ಒಲೆ ಹತ್ತಿರ ನಿಂತರೆ ಬೆವರು ಬಾರದೆ ಮಂಜುಗಡ್ಡೆ ಬರ್ತದಾ?’

ಮೊದಲು ನಕ್ಕವನು ಗಿರಾಕಿ. ಅವನ ನಗೆ ಅಳುವಿಗೆ ಹತ್ತಿರವಿತ್ತು. ಆಮೇಲೆ ನಾವೆಲ್ಲ. ಅಣ್ಣ ಎಲ್ಲರಿಗಿಂತ ಜೋರಾಗಿ. ನಗು ನಿಂತ ಮೇಲೆ ಅವರು ರಶ್ಮಿಯನ್ನು ಕೇಳಿದರು, ‘ಆ ಬಟ್ಟೆ ಉಂಡೆ ಯಾವಾಗ ಕಟ್ಟಿದ್ದು?’

‘ಕಲ್ ಶಾಮ್ ಕೋ.’

ನಿನ್ನೆ ಸಂಜೆ. ಅಂದರೆ ಮಾವನ ಕೈ ಹೀಗೆ ಮಾಡಬಹುದೆಂದು ಅವಳು ಮೊದಲೇ ಎಣಿಸಿದ್ದಳು. ಎಣಿಸಿದರೂ, ನೀವು ಇಳಿಸಬೇಡಿ ಎಂದು ಅವರಿಗೆ ಹೇಳಿರಲಿಲ್ಲ. ಅಣ್ಣ ಒಲೆಯ ಬಾಗಿಲ ಕಡೆ ನೋಡಿದರು. ಆಮೇಲೆ ಕೈಗವಸು ಕಳಚಿದರು. ಅದು ಅವರ ಕೈಯ ಅಳತೆಯದು, ಅವಳಿಗೆ ದೊಡ್ಡದಾಗುತ್ತಿತ್ತು. ‘ನಿನ್ನದು ಮತ್ತೆ ಹಾಕಿಕೊ. ಉಳಿದ ಮೂರು ನೀನು.’ ಗಿರಾಕಿಗೆ ಹೇಳಿದರು, ‘ನಿನ್ನ ಬ್ಲಾಕ್. ಬೇಡ ಅಂತ ಹೇಳುವ ಹಕ್ಕು ಉಂಟು. ಈಗಲೇ ಹೇಳು.’

ಅವನು ರಶ್ಮಿಯ ಕಡೆ ನೋಡಿದ. ‘ಅಕ್ಕಾರೇ ಇಳಸ್ಲಿ ಬಿಡ್ರಿ. ನೀವು ಇನ್ನೊಂದ್ ಪರೀಕ್ಷಾ ಇಟ್ರ ನಾ ಇಲ್ಲೇ ಸತ್ತ್ ಹೋಗ್ತೀನಿ.’

ಎರಡನೆಯ ಸ್ಲೀವ್ ಎತ್ತಿದಾಗ ರಶ್ಮಿಯ ತುಟಿ ಬಿಗಿದಿತ್ತು. ಅಣ್ಣ ಅವಳ ಹಿಂದೆ ನಿಂತಿದ್ದರು. ಅವಳ ಮೊಣಕೈ ಎತ್ತರಕ್ಕೆ ಬಂದಂತೆ ಅವರದೂ ಬಂತು, ಅವಳು ಬಾಗಿದಂತೆ ಅವರೂ ಬಾಗಿದರು. ಅವಳು ಬಿಟ್ಟಳು. ಠಣ್. ಮೂರನೆಯದು, ಠಣ್. ನಾಲ್ಕನೆಯದಕ್ಕೆ ಅಣ್ಣ ಬಾಗಲಿಲ್ಲ. ಗೋಡೆಗೆ ಒರಗಿ, ಕೈಕಟ್ಟಿ, ಕಣ್ಣು ಮುಚ್ಚಿ ನಿಂತು ಸದ್ದು ಮಾತ್ರ ಕೇಳಿದರು. ಬಂತು. ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ನಾನು ನಾಲ್ಕೂ ಅಳೆದೆ, ನಾಲ್ಕೂ ಸಮ.

ಅಣ್ಣ ಕಲ್ಯಾಣದ ಡೀಲರನಿಗೆ ಫೋನ್ ಹಚ್ಚಿ ಬಾಗಿಲ ಹತ್ತಿರ ಹೋದರು. ಅವರು ಮೆಲ್ಲಗೆ ಮಾತಾಡಬಲ್ಲವರಲ್ಲ, ಎಲ್ಲರಿಗೂ ಕೇಳಿಸಿತು.

‘ಸೇಠ್, ಕಲ್ ಮತ್ ಆನಾ. ಹಾಂ, ಮಷಿನ್ ನಹೀ ಬೇಚ್‌ನಾ ಹೈ. ನಹೀ ನಹೀ, ಭಾವ್ ಕೀ ಬಾತ್ ನಹೀ. ಮೈ ಕೌನ್ ಹೋತಾ ಹೂ ಬೇಚ್‌ನೇವಾಲಾ? ಮಾಲ್ಕೀಣ್ ಮನಾ ಕರ್ ರಹೀ ಹೈ.’

ನಾಳೆ ಬರಬೇಡ, ಮಷಿನು ಮಾರುವುದಿಲ್ಲ, ರೇಟಿನ ಮಾತಲ್ಲ, ಮಾರಲು ನಾನು ಯಾರು, ಯಜಮಾನಿ ಬೇಡ ಎನ್ನುತ್ತಿದ್ದಾಳೆ. ರಶ್ಮಿ ಇಕ್ಕಳ ಒರೆಸುತ್ತಿದ್ದವಳು ಹಾಗೇ ನಿಂತಳು. ಗೋಡೆಯ ಕಡೆ ತಿರುಗಿದಳು. ಅವಳ ಭುಜ ಎರಡು ಸಲ ಮೇಲೆ ಕೆಳಗೆ ಆದದ್ದನ್ನು ನಾನು ನೋಡಿದೆ, ಗಿರಾಕಿ ನೋಡಿದ, ಅಣ್ಣ ಮಾತ್ರ ನೋಡದವರಂತೆ ಫೋನನ್ನು ಜೇಬಿಗೆ ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಅವಳು ತಿರುಗಿದಾಗ ಮುಖದಲ್ಲಿ ನಗೆಯಿತ್ತು, ದನಿಯಲ್ಲಿ ಇರಲಿಲ್ಲ.

‘ಮಾಮಾ, ಟೈಮ್‌ಪಾಸ್ ನಕೋ. ಪ್ಲೇಟ್ ಬಾಕೀ ಹೈ.’ ಸುಮ್ಮನೆ ಹೊತ್ತು ಕಳೆಯುವುದು ಬೇಡ, ಪ್ಲೇಟ್ ಹಾಕುವುದು ಬಾಕಿಯಿದೆ.

‘ಹೂಂ ಸೇಠಾಣಿ,’ ಎಂದರು ಅಣ್ಣ.

ಸ್ಲೀವುಗಳು ಆರುವಾಗ ಮೇಲೇಳದಂತೆ ಬ್ಲಾಕಿನ ತಲೆಯ ಮೇಲೆ ಒಂದು ದಪ್ಪ ಉಕ್ಕಿನ ಹಲಗೆ ಇಟ್ಟು ಬೋಲ್ಟುಗಳಿಂದ ಬಿಗಿಯಬೇಕು. ಆ ದಿನಕ್ಕೆ ಉಳಿದದ್ದು ಅದೊಂದೇ ಕೆಲಸ. ಬಿಗಿಯುವ ಪಾನಾದಲ್ಲಿ, ಅಂದರೆ ಸ್ಪ್ಯಾನರಿನಲ್ಲಿ, ಬೇಕಾದ ಬಿಗಿ ಮೊದಲೇ ಹೊಂದಿಸಿದ್ದರೆ, ಅಷ್ಟಾದೊಡನೆ ಅದು ತಾನೇ ಟಕ್ ಎನ್ನುತ್ತದೆ. ಹಿಡಿದ ಕೈ ನಡುಗಿದರೂ ಅದಕ್ಕೆ ಲೆಕ್ಕವಿಲ್ಲ. ರಶ್ಮಿ ಅದನ್ನು ಮಾವನ ಕೈಗೆ ಕೊಟ್ಟಳು. ಅಣ್ಣ ನಡುವಿನಿಂದ ಶುರುಮಾಡಿ, ಎದುರುಬದುರು, ಹೊರಗಿನ ಕಡೆಗೆ ಒಂದೊಂದಾಗಿ ಬಿಗಿದರು. ಒಂದೊಂದು ಟಕ್ಕಿಗೂ ಗಿರಾಕಿ ತಲೆದೂಗುತ್ತಿದ್ದ, ಸಂಗೀತ ಕೇಳುವವನಂತೆ.

ಮುಗಿದ ಮೇಲೆ ಅಣ್ಣ ಪಾನಾ ಕೆಳಗಿಡಲು ಹೋದರು. ರಶ್ಮಿ ಕೈ ಚಾಚಿದಳು. ಆ ಗಾಳಾದಲ್ಲಿ ಯಾರು ಬಿಗಿದರೂ ಯಜಮಾನರು ಒಮ್ಮೆ ತಿರುಗಿಸಿ ನೋಡುವ ಪದ್ಧತಿ. ಅಣ್ಣ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಹೊಸದಾಗಿ ಸೇರಿದವನಂತೆ ಕೈಕಟ್ಟಿ ನಿಂತರು. ಅವಳು ನಡುವಿನಿಂದ ಶುರುಮಾಡಿ ಒಂದೊಂದನ್ನೂ ನೋಡಿದಳು. ಎಲ್ಲವೂ ಟಕ್ ಎಂದವು.

‘ಪಾಸಾ?’ ಎಂದು ಕೇಳಿದರು.

‘ಪಾಸ್.’

ಅವಳು ಪಾನಾವನ್ನು ಒರೆಸಿ ಪೆಟ್ಟಿಗೆಯಲ್ಲಿ ಇಟ್ಟಳು.